ಯಿಡ್ಡಿಷ್ ಪದಗಳು ಮತ್ತು ನುಡಿಗಟ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಕೆಲಸ ಮಾಡುವ ಕನ್ನಡಿಗರ ಕಿವಿಗೆ 'ಹುಟ್ಸ್ಪಾ', 'ಶ್ಲೆಪ್', 'ಓಯ್ ವೇ' ಎಂಬ ಮಾತುಗಳು ದಿನವೂ ಬೀಳುತ್ತವೆ. ಇವು ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಿಂದ ಬಂದವು. ಇಂಗ್ಲಿಷ್ ನಿಘಂಟು ತೆಗೆದರೆ ಅರ್ಧ ಅರ್ಥ ಮಾತ್ರ ಸಿಗುತ್ತದೆ. ಅಮೆರಿಕದ ಇಂಗ್ಲಿಷಿಗೆ ಬಂದ ಮೇಲೆ ಈ ಪದಗಳಲ್ಲಿ ಹಲವು ತಮ್ಮ ಮೂಲ ಅರ್ಥದಿಂದ ದೂರ ಸರಿದಿವೆ. ಇಲ್ಲಿ ಮೊದಲು ಯಿಡ್ಡಿಷ್ ಅರ್ಥ ಕೊಟ್ಟು, ಇಂಗ್ಲಿಷಿನಲ್ಲಿ ಏನಾಗಿದೆ ಎಂಬುದನ್ನು ಆಮೇಲೆ ಹೇಳಿದ್ದೇವೆ. ಕನ್ನಡದಲ್ಲೇ ನೇರವಾದ ಪದ ಇರುವ ಕಡೆ ಇಂಗ್ಲಿಷಿನ ಸುತ್ತುದಾರಿ ಬೇಕಿಲ್ಲ. ಅಂಥ ಪದಗಳು ಎಣಿಸಿದ್ದಕ್ಕಿಂತ ಹೆಚ್ಚೇ ಇವೆ.

ಯಿಡ್ಡಿಷ್ ಎಂದರೆ ಹೀಬ್ರೂ ಅಲ್ಲವೆ?

ಅಲ್ಲ. ಲಿಪಿ ಒಂದೇ, ಭಾಷೆ ಬೇರೆ. ಹೀಬ್ರೂ ಸೆಮಿಟಿಕ್ ಕುಟುಂಬದ್ದು, ಅರಬ್ಬಿಯ ನೆಂಟ. ಯಿಡ್ಡಿಷ್ ಜರ್ಮಾನಿಕ್ ಕುಟುಂಬದ್ದು. ಸುಮಾರು ಸಾವಿರ ವರ್ಷಗಳ ಹಿಂದೆ ರೈನ್ ನದಿ ಬಯಲಿನ ವರ್ಮ್ಸ್, ಮೈಂಟ್ಸ್, ಶ್ಪೆಯರ್ ಊರುಗಳ ಯಹೂದಿಗಳ ಮನೆಮಾತಾಗಿ ಬೆಳೆದು, ಜನರ ಜೊತೆಗೇ ಪೋಲೆಂಡ್, ಲಿಥುವೇನಿಯಾ, ಉಕ್ರೇನ್ ಕಡೆಗೆ ಹೋಯಿತು. ಬುಡ ಜರ್ಮನ್. ಧರ್ಮ, ಓದು, ಕಾನೂನು, ಮದುವೆ, ಸಾವು ಇವುಗಳ ಪದಗಳು ಹೆಚ್ಚಾಗಿ ಹೀಬ್ರೂ ಮತ್ತು ಅರಾಮಿಕ್. ಅಡುಗೆಮನೆಯ ಮತ್ತು ಅಕ್ಕರೆಯ ಪದಗಳಲ್ಲಿ ಬೇಕಾದಷ್ಟು ಪೋಲಿಷ್, ಉಕ್ರೇನಿಯನ್.

ಕಾಲ ನಮೂದಾಗಿರುವ ಅತಿ ಹಳೆಯ ಯಿಡ್ಡಿಷ್ ವಾಕ್ಯ 1272ರ ವರ್ಮ್ಸ್ ಪ್ರಾರ್ಥನಾ ಹಸ್ತಪ್ರತಿಯಲ್ಲಿದೆ. ದೊಡ್ಡ ಹೀಬ್ರೂ ಅಕ್ಷರಗಳ ಟೊಳ್ಳಿನೊಳಗೆ ಸಣ್ಣದಾಗಿ ಬರೆದಿರುವ ಆ ವಾಕ್ಯದ ಭಾವ ಇಷ್ಟು: ಈ ಭಾರದ ಪುಸ್ತಕವನ್ನು ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ) ಹೊತ್ತು ತರುವವನಿಗೆ ಒಳ್ಳೆಯ ದಿನ ಬರಲಿ. ಪುಸ್ತಕವಿಡೀ ಹೀಬ್ರೂ, ಹೊತ್ತವನಿಗೆ ಹರಕೆ ಮಾತ್ರ ಮನೆಮಾತಿನಲ್ಲಿ. ಎರಡೂ ಭಾಷೆಗಳ ಕೆಲಸ ಹೇಗೆ ಹಂಚಿಹೋಗಿತ್ತು ಎಂಬುದು ಅಲ್ಲೇ ಕಾಣುತ್ತದೆ. ಯಿಡ್ಡಿಷ್‌ನಲ್ಲೇ ಹೀಬ್ರೂವಿಗೆ 'ಲೋಶ್ನ್ ಕೊಯ್ದೆಶ್' (ಪವಿತ್ರ ಭಾಷೆ), ಯಿಡ್ಡಿಷ್‌ಗೆ 'ಮಾಮೆ ಲೋಶ್ನ್' (ಅಮ್ಮನ ಮಾತು) ಎನ್ನುತ್ತಾರೆ.

ಕನ್ನಡ ಲಿಪಿಯಲ್ಲಿ ಬರೆದಿರುವ ಪದಗಳನ್ನು ಹೇಗೆ ಉಚ್ಚರಿಸಬೇಕು?

ನಾಲ್ಕು ಕಡೆ ಎಚ್ಚರ ಸಾಕು.

'ಖ' ಎಂದು ಬರೆದಲ್ಲಿ ಅದು ನಮ್ಮ 'ಖಡ್ಗ'ದ ಖ ಅಲ್ಲ. ಗಂಟಲಿನ ಹಿಂಭಾಗದಲ್ಲಿ ಗಾಳಿ ಉಜ್ಜಿ ಬರುವ ಧ್ವನಿ. ಉರ್ದು ಬಲ್ಲವರು 'ಖ಼ಬರ್' ಎನ್ನುವಾಗ ಬರುವ ಧ್ವನಿಯೇ ಇದು. ಇದನ್ನು 'ಕ' ಅಥವಾ 'ಚ' ಮಾಡಿದರೆ ಪದ ಗುರುತೇ ಸಿಗುವುದಿಲ್ಲ.

'ಜ಼' ಎಂದರೆ 'ಜ಼ೂ' ಎನ್ನುವಾಗಿನ ಜ಼. 'ಮಾಜ಼್ಲ್' ಅನ್ನು 'ಮಾಜಲ್' ಎನ್ನಬೇಡಿ.

ತ, ದ ಧ್ವನಿಗಳಿಗೆ ನಾಲಿಗೆ ಹಲ್ಲಿನ ಹತ್ತಿರವೇ ಇರಲಿ. ಇಂಗ್ಲಿಷ್ ಪದಗಳಿಗೆ ಟ, ಡ ಹಾಕಿ ನಮಗೆ ರೂಢಿ. ಯಿಡ್ಡಿಷ್‌ಗೆ ನಮ್ಮ ತ, ದ ಹೆಚ್ಚು ಹತ್ತಿರ. ಅದಕ್ಕೇ ಇಲ್ಲಿ 'ಶ್ತೆತ್ಲ್' (ಯಹೂದಿಗಳ ಸಣ್ಣ ಊರು) ಎಂದು ಬರೆದಿದ್ದೇವೆ. ಭಾಷೆಯ ಹೆಸರು ಮಾತ್ರ ಕನ್ನಡದಲ್ಲಿ 'ಯಿಡ್ಡಿಷ್' ಎಂದೇ ನೆಲೆಯಾಗಿದೆ, ಅದನ್ನು ಹಾಗೇ ಬಿಟ್ಟಿದ್ದೇವೆ. ಆಡುವವರ ಬಾಯಲ್ಲಿ ಅದು 'ಯಿದಿಶ್'.

ಪದದ ಕೊನೆಗೆ ಉಕಾರ ಸೇರಿಸಬೇಡಿ. ಇದು ಕನ್ನಡಿಗರು ಅತಿ ಹೆಚ್ಚು ಎಡವುವ ಜಾಗ. 'ಮೆಂತ್ಶ್' ಹೋಗಿ 'ಮೆಂಚು' ಆಗುತ್ತದೆ. ಕೊನೆಯ ವ್ಯಂಜನದಲ್ಲೇ ಬಾಯಿ ನಿಲ್ಲಲಿ. 'ಶ್ತೆತ್ಲ್', 'ಬೇಗ್ಲ್' ಇಂಥ ಪದಗಳ ಕೊನೆಯ ಲ್ ತಾನೇ ಒಂದು ಉಚ್ಚಾರಾಂಶ.

ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಸ್ಪೆಲಿಂಗ್ ಯಾಕೆ? 'ಕೂಗಲ್' ಸರಿಯೋ 'ಕಿಗಲ್' ಸರಿಯೋ?

ಮೊದಲನೆಯ ಕಾರಣ ಲಿಪಿ. ಖ ಧ್ವನಿಯನ್ನು ಕೆಲವರು ಸಿ-ಎಚ್ ಎಂದೂ ಕೆಲವರು ಕೆ-ಎಚ್ ಎಂದೂ ಬರಿಯ ಎಚ್ ಎಂದೂ ಬರೆದರು. ಶ ಧ್ವನಿಗೆ ಜರ್ಮನ್ ರೂಢಿಯಂತೆ ಎಸ್-ಸಿ-ಎಚ್ ಹಾಕಿದವರು ಬಹಳ. 1925ರಲ್ಲಿ ವಿಲ್ನಾದಲ್ಲಿ ಶುರುವಾಗಿ 1940ರಲ್ಲಿ ನ್ಯೂಯಾರ್ಕಿಗೆ ಬಂದ, ಯಿಡ್ಡಿಷ್ ಸಂಶೋಧನೆಯ ಯೀವೋ ಸಂಸ್ಥೆ ರೂಪಿಸಿದ ಕ್ರಮದಲ್ಲಿ ಖ ಎಂದರೆ ಕೆ-ಎಚ್, ಶ ಎಂದರೆ ಎಸ್-ಎಚ್, ಅಷ್ಟೆ. ಅಂತರ್ಜಾಲದಲ್ಲಿ ಪದ ಹುಡುಕುವಾಗ ಒಂದು ಸ್ಪೆಲಿಂಗ್‌ನಲ್ಲಿ ಸಿಗದಿದ್ದರೆ ಖ, ಶ, ತ್ಸ್ ಈ ಮೂರು ಜಾಗದ ಅಕ್ಷರ ಬದಲಿಸಿ ನೋಡಿ, ಸಾಮಾನ್ಯವಾಗಿ ಸಿಗುತ್ತದೆ.

ಎರಡನೆಯ ಕಾರಣ ಪ್ರಾಂತ್ಯ. ಲಿಥುವೇನಿಯಾ ಕಡೆಯವರು 'ಕುಗ್ಲ್' (ಒಲೆಯಲ್ಲಿ ಬೇಯಿಸಿದ ಕಡುಬಿನಂಥ ತಿಂಡಿ, ಇಂಗ್ಲಿಷಿನ ಕೂಗಲ್), 'ಗುತ್' (ಒಳ್ಳೆಯ) ಎಂದರೆ ಪೋಲೆಂಡ್ ಕಡೆಯವರು 'ಕಿಗ್ಲ್', 'ಗಿತ್' ಎನ್ನುತ್ತಾರೆ. ಎರಡೂ ಸರಿ. ಗೆಫಿಲ್ತೆ ಫಿಶ್ ಎಂಬ ಮೀನಿನ ಅಡುಗೆಗೆ ಪೋಲೆಂಡ್ ಕಡೆ ಸಕ್ಕರೆ, ಲಿಥುವೇನಿಯಾ ಕಡೆ ಕಾಳುಮೆಣಸು. ನಕ್ಷೆಯ ಮೇಲೆ ಸಕ್ಕರೆ-ಮೆಣಸಿನ ಗಡಿ ಮತ್ತು ಮಾತಿನ ಗಡಿ ಹೆಚ್ಚುಕಡಿಮೆ ಒಂದೇ ಕಡೆ ಹಾಯುತ್ತವೆ ಎಂದು ಭಾಷಾವಿದ್ವಾಂಸರು ತೋರಿಸಿದ್ದಾರೆ.

'ಓಯ್ ವೇ' ಎಂದರೇನು?

'ಅಯ್ಯೋ'. 'ವೇ' ಎಂದರೆ ನೋವು. ಪೂರ್ತಿ ರೂಪ 'ಓಯ್ ವೇ ಇಜ಼್ ಮಿರ್'. 'ಮಿರ್' ಎಂದರೆ 'ನನಗೆ'. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ನೋವು, ಚಳಿ, ಬೇಸರ ಹೇಳಲು ಯಿಡ್ಡಿಷ್ ನಮ್ಮಂತೆಯೇ ಚತುರ್ಥಿ ಹಿಡಿಯುತ್ತದೆ. 'ಮಿರ್ ಇಜ಼್ ಕಲ್ತ್' ಅಂದರೆ 'ನನಗೆ ಚಳಿ'. 'ದೆರ್ ಕೋಪ್ ತುತ್ ಮಿರ್ ವೇ' ಅಂದರೆ 'ನನಗೆ ತಲೆ ನೋಯುತ್ತಿದೆ'. ಇಂಗ್ಲಿಷಿನ 'ಐ' ಇಟ್ಟುಕೊಂಡು 'ನಾನು ಚಳಿ' ಎಂಬಂತೆ ಕಟ್ಟಿದರೆ ವಾಕ್ಯ ಕೆಡುತ್ತದೆ.

ಬರೀ 'ಓಯ್' ಎಂಬುದು ನೋವಿಗೇ ಮೀಸಲಲ್ಲ. ಆಶ್ಚರ್ಯ, ದಣಿವು, ಮರೆತದ್ದು ನೆನಪಾದಾಗ, ಮಗುವನ್ನು ನೋಡಿ ಮುದ್ದು ಬಂದಾಗ, ಎಲ್ಲಕ್ಕೂ ಬರುತ್ತದೆ. ಅರ್ಥ ರಾಗದಲ್ಲಿದೆ. 'ಗೆವಾಲ್ದ್' ಮಾತ್ರ ಇದಕ್ಕಿಂತ ತೀವ್ರ. ಅದು 'ಕಾಪಾಡಿ!' ಎಂಬ ಕೂಗು.

'ಮಾಜ಼್ಲ್ ತೋವ್' ಯಾವಾಗ ಹೇಳಬೇಕು, ಯಾವಾಗ ಹೇಳಬಾರದು?

ಅಕ್ಷರಶಃ 'ಒಳ್ಳೆಯ ನಕ್ಷತ್ರ'. ಹೀಬ್ರೂವಿನಲ್ಲಿ ರಾಶಿ, ನಕ್ಷತ್ರಪುಂಜ ಎಂಬ ಅರ್ಥವಿದ್ದ ಪದವೇ ಅದೃಷ್ಟ ಎಂಬ ಅರ್ಥಕ್ಕೆ ತಿರುಗಿತು. ಬಳಕೆಯಲ್ಲಿ ಮಾತ್ರ ಅದು 'ಅಭಿನಂದನೆ'. ಒಳ್ಳೆಯದು ಆದ ಮೇಲೆ ಹೇಳುವ ಮಾತು. ಪರೀಕ್ಷೆಗೆ ಹೊರಟವರಿಗೆ, ಸಂದರ್ಶನಕ್ಕೆ ಹೋಗುವವರಿಗೆ 'ಗುಡ್ ಲಕ್' ಎಂಬ ಅರ್ಥದಲ್ಲಿ ಹೇಳಿದರೆ ತಪ್ಪು. ಅಲ್ಲಿ 'ಜ಼ೋಲ್ ಜ಼ಾಯ್ನ್ ಮಿತ್ ಮಾಜ಼್ಲ್' (ಅದೃಷ್ಟ ಜೊತೆಗಿರಲಿ) ಎನ್ನಬೇಕು.

ಬಸುರಿಗೆ 'ಮಾಜ಼್ಲ್ ತೋವ್' ಹೇಳುವುದು ಹೆಚ್ಚು ಮುಜುಗರ ತರುವ ತಪ್ಪು. ಹುಟ್ಟದ ಮಗುವಿಗೆ ಮುಂಗಡ ಅಭಿನಂದನೆ ಸಾಂಪ್ರದಾಯಿಕ ಮನೆಗಳಲ್ಲಿ ಒಳ್ಳೆಯದಲ್ಲ. ಹೇಳಬೇಕಾದ್ದು 'ಇನ್ ಅ ಗುತೆರ್ ಶೋ', ಅಂದರೆ 'ಒಳ್ಳೆ ಗಳಿಗೆಯಲ್ಲಿ ಆಗಲಿ'. ಮಗು ಹುಟ್ಟಿದ ಮೇಲೆ, ಮದುವೆಯಲ್ಲಿ ವರ ಗಾಜಿನ ಲೋಟ ತುಳಿದು ಒಡೆದ ಕ್ಷಣ, ನಿಶ್ಚಿತಾರ್ಥ, ಮನೆ ಕೊಂಡದ್ದು, ಪದವಿ ಬಂದದ್ದು, ಇಲ್ಲೆಲ್ಲ ಧಾರಾಳವಾಗಿ ಹೇಳಬಹುದು.

ದಿನನಿತ್ಯದ ನಮಸ್ಕಾರ, ವಂದನೆ ಹೇಗೆ?

ಭೇಟಿಯಾದಾಗ 'ಶೋಲೆಮ್ ಅಲೇಖೆಮ್' (ನಿಮ್ಮ ಮೇಲೆ ಶಾಂತಿ). ಉತ್ತರದಲ್ಲಿ ಪದ ತಿರುವುಮುರುವಾಗಬೇಕು: 'ಅಲೇಖೆಮ್ ಶೋಲೆಮ್'. ಹೇಳಿದ್ದನ್ನೇ ಒಪ್ಪಿಸಿದರೆ ತಪ್ಪೆಂದು ತಕ್ಷಣ ಗೊತ್ತಾಗುತ್ತದೆ. ಹಾಗೆಯೇ 'ಗುತ್ ಮೊರ್ಗ್ನ್' (ಶುಭೋದಯ) ಎಂದವರಿಗೆ ಮರಳಿ ಕೊಡುವುದು 'ಗುತ್ ಯೋರ್', ಅಂದರೆ ಒಳ್ಳೆಯ ವರ್ಷ. ಸಿಕ್ಕ ಹರಕೆಗಿಂತ ದೊಡ್ಡ ಹರಕೆ ಹಿಂದಿರುಗಿಸುವುದು ಅಲ್ಲಿನ ಮರ್ಯಾದೆ.

ನೀನು, ನೀವು ಭೇದ ನಮ್ಮಂತೆಯೇ ಇದೆ: 'ದು' ಮತ್ತು 'ಇರ್'. ಗೆಳೆಯರಿಗೆ 'ವೋಸ್ ಮಾಖ್ಸ್ತು?' (ಹೇಗಿದ್ದೀಯ?), ಹಿರಿಯರಿಗೆ, ಅಪರಿಚಿತರಿಗೆ 'ವೋಸ್ ಮಾಖ್ತ್ ಇರ್?' (ಹೇಗಿದ್ದೀರಿ?). ಬೀಳ್ಕೊಡುವಾಗ ಗೆಳೆಯರಿಗೆ 'ಜ಼ಾಯ್ ಗೆಜ಼ುಂತ್', ಹಿರಿಯರಿಗೆ 'ಜ಼ಾಯ್ತ್ ಗೆಜ಼ುಂತ್': ಆರೋಗ್ಯವಾಗಿರು, ಆರೋಗ್ಯವಾಗಿರಿ. ಸೀನಿದವರಿಗೆ 'ತ್ಸು ಗೆಜ಼ುಂತ್'. ಧನ್ಯವಾದ 'ಅ ದಾಂಕ್', ಅದಕ್ಕೆ ಮರುಮಾತು 'ನಿಶ್ತೋ ಫಾರ್ವೋಸ್' (ಪರವಾಗಿಲ್ಲ ಬಿಡಿ). ಶುಕ್ರವಾರ ಸಂಜೆಯಿಂದ 'ಗುತ್ ಶಾಬೆಸ್', ಶನಿವಾರ ರಾತ್ರಿ ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಮುಗಿದ ಮೇಲೆ 'ಅ ಗುತೆ ವೋಖ್' (ವಾರ ಒಳ್ಳೆಯದಾಗಲಿ).

ಇಸ್ರೇಲಿನ ಹೀಬ್ರೂ ಕಲಿತವರು ಇಲ್ಲಿ ಒಂದನ್ನು ಗಮನಿಸಬೇಕು. ಅಲ್ಲಿ ಒತ್ತು ಬಹುಪಾಲು ಕೊನೆಗೆ, ಇಲ್ಲಿ ಮುಂಚೆ. ಅಲ್ಲಿನ ಕೆಲವು ತ ಇಲ್ಲಿ ಸ. 'ಶಬ್ಬಾತ್' ಇಲ್ಲಿ 'ಶಾಬೆಸ್', 'ಎಮೆತ್' (ಸತ್ಯ) ಇಲ್ಲಿ 'ಎಮೆಸ್'.

'ಹುಟ್ಸ್ಪಾ' ಹೊಗಳಿಕೆಯೋ ಬೈಗುಳವೋ?

ಯಿಡ್ಡಿಷ್‌ನಲ್ಲಿ 'ಖುತ್ಸ್ಪೆ' ಬೈಗುಳವೇ. ಭಂಡತನ, ಉದ್ಧಟತನ, ಮಾನ ಬಿಟ್ಟ ಧೈರ್ಯ. ಬಹುಕಾಲದಿಂದ ಕೊಡುವ ಉದಾಹರಣೆ: ತಂದೆತಾಯಿಯನ್ನು ಕೊಂದವನು ನ್ಯಾಯಾಧೀಶರ ಮುಂದೆ ನಿಂತು 'ನಾನು ತಬ್ಬಲಿ, ಕರುಣೆ ತೋರಿ' ಎಂದು ಬೇಡುವುದು. ಅಮೆರಿಕದ ಇಂಗ್ಲಿಷಿನಲ್ಲಿ ಇದಕ್ಕೆ 'ಎದೆಗಾರಿಕೆ', 'ಹಿಂಜರಿಯದ ಛಲ' ಎಂಬ ಮೆಚ್ಚುಗೆ ಸೇರಿಕೊಂಡಿದೆ. ಸ್ಟಾರ್ಟಪ್ ಭಾಷಣಗಳಲ್ಲಿ ಕೇಳುವುದು ಈ ಎರಡನೆಯ ಅರ್ಥ. ಯಿಡ್ಡಿಷ್ ಮನೆಮಾತಿನ ಅಜ್ಜಿಯ ಮುಂದೆ ಅವರ ಮೊಮ್ಮಗನಿಗೆ ಖುತ್ಸ್ಪೆ ಇದೆ ಎಂದರೆ ಅದು ದೂರು, ಹೊಗಳಿಕೆಯಲ್ಲ.

'ಮೆಂತ್ಶ್' ಎಂದರೆ ಬರೀ ಮನುಷ್ಯನೆ?

ಹೌದು, ಮನುಷ್ಯನೇ. ಆದರೆ 'ಮನುಷ್ಯನಾಗಿ ಬಾಳು' ಎನ್ನುವಾಗ ಆ ಪದಕ್ಕೆ ಬರುವ ತೂಕ ಇದಕ್ಕಿದೆ. 'ಜ಼ಾಯ್ ಅ ಮೆಂತ್ಶ್' ಅಂದರೆ ಕೊಟ್ಟ ಮಾತಿಗೆ ನಿಲ್ಲು, ಯಾರೂ ನೋಡದಿದ್ದಾಗಲೂ ಸರಿಯಾದದ್ದನ್ನೇ ಮಾಡು. ಹಣ, ಓದು, ಹುದ್ದೆ ಇದಕ್ಕೆ ಲೆಕ್ಕವಿಲ್ಲ. ವ್ಯಾಕರಣದಲ್ಲಿ ಪುಲ್ಲಿಂಗವಾದರೂ ಹೆಣ್ಣಿಗೂ ಸಲ್ಲುತ್ತದೆ. ಯಿಡ್ಡಿಷ್‌ನಲ್ಲಿ ಒಬ್ಬರ ಬಗ್ಗೆ ಹೇಳಬಹುದಾದ ಅತಿ ಒಳ್ಳೆಯ ಮಾತು ಇದು. ಸುಮ್ಮನೆ ಎಲ್ಲರಿಗೂ ಹಂಚುವುದಿಲ್ಲ.

ಶ್ಲೆಮಿಲ್, ಶ್ಲಿಮಾಜ಼್ಲ್, ನೆಬೆಖ್: ಮೂರಕ್ಕೂ ವ್ಯತ್ಯಾಸ ಏನು?

ಶ್ಲೆಮಿಲ್ ತನ್ನ ಎಡವಟ್ಟಿನಿಂದಲೇ ಕೆಡುವವನು. ಶ್ಲಿಮಾಜ಼್ಲ್ ಏನೂ ಮಾಡದೆ ಪೆಟ್ಟು ತಿನ್ನುವ ನತದೃಷ್ಟ ('ಶ್ಲಿಮ್' ಕೆಟ್ಟ, 'ಮಾಜ಼್ಲ್' ಅದೃಷ್ಟ). ಸೂಪು ಚೆಲ್ಲುವವನು ಶ್ಲೆಮಿಲ್, ಅದು ಯಾರ ಮಡಿಲಿಗೆ ಬೀಳುತ್ತದೋ ಅವನು ಶ್ಲಿಮಾಜ಼್ಲ್.

ನೆಬೆಖ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷಿನಲ್ಲಿ ಇದು 'ನೆಬಿಶ್' ಆಗಿ, ಯಾರ ಗಣನೆಗೂ ಬಾರದ ಪೆದ್ದ ಎಂಬ ನಾಮಪದವಾಗಿದೆ. ಇಂಗ್ಲಿಷ್ ನಿಘಂಟುಗಳು ಕೊಡುವುದು ಅದನ್ನೇ. ಮೂಲದಲ್ಲಿ ಇದು ವಾಕ್ಯದ ನಡುವೆ ಬರುವ ಮರುಕದ ಸದ್ದು, ಸ್ಲಾವಿಕ್ ಭಾಷೆಗಳಿಂದ ಬಂದದ್ದು. 'ಎರ್ ಇಜ಼್ ನೆಬೆಖ್ ಕ್ರಾಂಕ್'. ಇದನ್ನು ಇಂಗ್ಲಿಷಿಗೆ ತರಲು ಅನುವಾದಕರು ಹೆಣಗುತ್ತಾರೆ. ಕನ್ನಡಕ್ಕೆ ಪದಕ್ಕೆ ಪದ ಬರುತ್ತದೆ: 'ಅವನಿಗೆ ಪಾಪ ಹುಷಾರಿಲ್ಲ'. ವಾಕ್ಯದಲ್ಲಿ ಕೂರುವ ಜಾಗ, ಮರುಕ, ಕೆಲವೊಮ್ಮೆ ಮರುಕದೊಳಗೆ ಇಣುಕುವ ಸಣ್ಣ ತಾತ್ಸಾರ, ಮೂರೂ ನಮ್ಮ 'ಪಾಪ'ದಲ್ಲಿವೆ. ನೆಬೆಖ್ ಕಂಡಲ್ಲೆಲ್ಲ ಮೊದಲು 'ಪಾಪ' ಇಟ್ಟು ಓದಿ. ಹತ್ತರಲ್ಲಿ ಒಂಬತ್ತು ಕಡೆ ಕೂರುತ್ತದೆ.

ನೆಂಟಸ್ತಿಕೆಯ ಪದಗಳು?

ತಾತೆ (ಅಪ್ಪ), ಮಾಮೆ (ಅಮ್ಮ), ಜ಼ೇಯ್ದೆ (ತಾತ), ಬೋಬೆ (ಅಜ್ಜಿ). ಅಪ್ಪನಿಗೆ 'ತಾತೆ' ಎನ್ನುವುದು ಕನ್ನಡಿಗರನ್ನು ಮೊದಲ ದಿನ ಗೊಂದಲಕ್ಕೆ ಹಾಕುತ್ತದೆ. ಶ್ವೆರ್ ಮಾವ, ಶ್ವಿಗೆರ್ ಅತ್ತೆ, ಎಯ್ದೆಮ್ ಅಳಿಯ, ಶ್ನುರ್ ಸೊಸೆ.

ಇಂಗ್ಲಿಷ್ ಪುಸ್ತಕಗಳು 'ನನ್ನ ಮಗನ ಹೆಂಡತಿಯ ತಂದೆತಾಯಿ' ಎಂದು ಸುತ್ತಿ ಬಳಸಿ ವಿವರಿಸುವ ಪದ 'ಮಾಖೆತೋನಿಮ್'. ನಮಗೆ ಒಂದೇ ಮಾತು: ಬೀಗರು. ಏಕವಚನದಲ್ಲಿ 'ಮೆಖುತ್ನ್' ಬೀಗ, 'ಮಾಖೆತೆನೆಸ್ತೆ' ಬೀಗಿತಿ. ಮದುವೆ ಹೊಂದಿಸುವ ದಲ್ಲಾಳಿ 'ಶಾದ್ಖ್ನ್', ಬಂದ ಸಂಬಂಧ 'ಶಿದೆಖ್'. ಋಣಾನುಬಂಧದ ಜೋಡಿ 'ಬಾಶೆರ್ತ್'.

ಹಾಗಾದರೆ ಮದುವೆ ದಲ್ಲಾಳಿಗೆ 'ಯೆಂಟಾ' ಎನ್ನುತ್ತಾರಲ್ಲ?

ಅದು ತಪ್ಪು ತಿಳಿವಳಿಕೆ. ಯೆಂತೆ ಹಿಂದೆ ಗೌರವದ ಹೆಣ್ಣುಹೆಸರು, ಆಮೇಲೆ ಊರ ಸುದ್ದಿಯೆಲ್ಲ ಹೊತ್ತು ತಿರುಗುವ ಬಾಯಾಳಿಗೆ ಅಡ್ಡಹೆಸರಾಯಿತು. 1964ರ ಪ್ರಸಿದ್ಧ ಬ್ರಾಡ್‌ವೇ ಸಂಗೀತನಾಟಕವೊಂದರಲ್ಲಿ ದಲ್ಲಾಳಿ ಪಾತ್ರಕ್ಕೆ ಆ ಹೆಸರಿತ್ತು. ಅಲ್ಲಿಂದ ಈ ಗೊಂದಲ ಹಬ್ಬಿತು.

ಮಾತಿನ ನಡುವೆ 'ಕಿನೆಹೋರೆ', 'ತ್ಫು ತ್ಫು' ಎನ್ನುವುದೇಕೆ?

ದೃಷ್ಟಿ ತಾಗದಿರಲಿ ಎಂದು. 'ಕೇನ್ ಅಯಿನ್ ಹೋರೆ' (ಕೆಟ್ಟ ಕಣ್ಣು ಬೇಡ) ಬಾಯಲ್ಲಿ ಸವೆದು 'ಕಿನೆಹೋರೆ' ಆಗಿದೆ. ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು, ವಯಸ್ಸೆಷ್ಟು, ಮಗು ಎಷ್ಟು ಗುಂಡಗಿದೆ, ವ್ಯಾಪಾರ ಹೇಗಿದೆ, ಇದರಲ್ಲಿ ಯಾವುದನ್ನು ಹೇಳಿದರೂ ಬೆನ್ನಿಗೇ ಇದು ಬರುತ್ತದೆ. ಮೂರು ಸಲ ಉಗಿದಂತೆ 'ತ್ಫು ತ್ಫು ತ್ಫು' ಎನ್ನುವುದೂ ಅದಕ್ಕೇ.

ಇದೊಂದೇ ಅಲ್ಲ, ಮಾತಿಗೆ ಕಾವಲು ಕೂರಿಸುವ ಇಂಥ ತುಣುಕುಗಳು ಯಿಡ್ಡಿಷ್ ತುಂಬ ಇವೆ. ಅವನ್ನು ಬಿಟ್ಟರೆ ವ್ಯಾಕರಣ ಸರಿಯಿದ್ದರೂ ಮಾತು ಒರಟಾಗಿ ಕೇಳುತ್ತದೆ. ಹಿರಿಯರ ವಯಸ್ಸು ಹೇಳಿದ ಕೂಡಲೆ 'ಬಿಜ಼್ ಹುಂದೆರ್ತ್ ಉನ್ ತ್ಸ್ವಾನ್ತ್ಸಿಕ್', ಅಂದರೆ 120ರವರೆಗೆ ಬಾಳಲಿ. ಮೋಶೆ ಬಾಳಿದ್ದು 120 ವರ್ಷ ಎಂದು ಯಹೂದಿ ಧರ್ಮಗ್ರಂಥ ತೋರಾ ಹೇಳುತ್ತದೆ, ಲೆಕ್ಕ ಅಲ್ಲಿಂದ ಬಂದದ್ದು. ತೀರಿಕೊಂಡವರ ಹೆಸರಿನ ನಂತರ ಗಂಡಸಿಗೆ 'ಒಲೆವ್ ಹಾಶೋಲೆಮ್', ಹೆಂಗಸಿಗೆ 'ಒಲೆಹೋ ಹಾಶೋಲೆಮ್'. ಎರಡನ್ನೂ ಬದಲಿಸಿ ಹೇಳುವುದು ಕಲಿಯುವವರಲ್ಲಿ ಸಾಮಾನ್ಯ. ಕಾಯಿಲೆ, ಬೆಂಕಿ, ಅಪಘಾತದ ಸುದ್ದಿ ಹೇಳುವಾಗ 'ನಿಶ್ತ್ ದೋ ಗೆದಾಖ್ತ್': ಇಲ್ಲಿಯವರಿಗೆ ಬೇಡ. ನಾವು 'ಹಗೆಗೂ ಬೇಡ' ಎನ್ನುವ ಜಾಗ. ಪವಿತ್ರವಾದದ್ದನ್ನೂ ಸಾಮಾನ್ಯವಾದದ್ದನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಾಗಿ ಬಂದರೆ ನಡುವೆ 'ಲೆಹಾವ್ದ್ಲ್' ಎಂದು ಗೆರೆ ಎಳೆಯುತ್ತಾರೆ: ಹೋಲಿಸುತ್ತಿಲ್ಲ, ಬೇರೆಬೇರೆಯೇ ಇರಲಿ ಎಂಬ ಭಾವ.

ಇಂಗ್ಲಿಷಿನಲ್ಲಿ ಕೇಳುವ ಶ್ಲೆಪ್, ಕ್ವೆಚ್, ಶ್ಮೂಜ಼್, ನಾಶ್ ಇವೆಲ್ಲ?

'ಶ್ಲೆಪ್ನ್' ಎಂದರೆ ಎಳೆಯುವುದು. ಭಾರದ ಚೀಲ ಎಳೆದುಕೊಂಡು ದೂರ ಹೋಗುವ ಕಷ್ಟವೆಲ್ಲ ಅದರಲ್ಲಿದೆ. 'ಕ್ವೆಚ್ನ್' ಮೊದಲ ಅರ್ಥದಲ್ಲಿ ಹಿಂಡುವುದು, ಒತ್ತುವುದು. ಅಲ್ಲಿಂದ ಗೊಣಗುವುದು. 'ಶ್ಮೂಜ಼್' ಇಂಗ್ಲಿಷಿನಲ್ಲಿ ಕೆಲಸ ಆಗಲೆಂದು ನಯವಾಗಿ ಮಾತಾಡಿ ಒಲಿಸಿಕೊಳ್ಳುವುದು. ಯಿಡ್ಡಿಷ್ 'ಶ್ಮುಯೆಸ್'ನಲ್ಲಿ ಆ ಸ್ವಾರ್ಥದ ವಾಸನೆಯಿಲ್ಲ, ಬರೀ ಹರಟೆ. 'ನಾಶ್ನ್' ಊಟದ ಹೊತ್ತಲ್ಲದ ಹೊತ್ತಿನಲ್ಲಿ ಕುರುಕು ತಿನ್ನುವುದು. 'ಕ್ಲೊತ್ಸ್' ಮರದ ದಿಮ್ಮಿ, ಅದರಿಂದ ಕೈಕಾಲು ನೆಟ್ಟಗೆ ನಿಲ್ಲದವನು. 'ಮೇವ್ನ್' ಬಲ್ಲವನು, ಪರಿಣತ. 'ಶ್ಮಾತೆ' ಚಿಂದಿ ಬಟ್ಟೆ. ನ್ಯೂಯಾರ್ಕಿನ ಸಿದ್ಧ ಉಡುಪಿನ ವ್ಯಾಪಾರಕ್ಕೂ ಅದೇ ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ದಿನವೂ ಹೇಳುವ 'ಗ್ಲಿಚ್', ಜಾರುವುದು ಎಂಬ ಅರ್ಥದ ಯಿಡ್ಡಿಷ್ 'ಗ್ಲಿಚ್ನ್'ನಿಂದ ಬಂದಿರಬೇಕೆಂದು ಹಲವು ನಿಘಂಟುಕಾರರ ಅಭಿಪ್ರಾಯ.

'ನಾಖೆಸ್' ಇಂಗ್ಲಿಷಿಗೆ ಅಷ್ಟಾಗಿ ಹೋಗಿಲ್ಲ, ಹೋಗಬೇಕಿತ್ತು. ಮಕ್ಕಳ ಏಳಿಗೆ ಕಂಡು ಹೆತ್ತವರಿಗೆ ಆಗುವ ತೃಪ್ತಿ ಅದು. ಅದರ ಜೊತೆ ಬರುವ ಕ್ರಿಯಾಪದ 'ಶೆಪ್ನ್', ಬಾವಿಯಿಂದ ನೀರು ಮೊಗೆಯುವುದಕ್ಕೆ ಹೇಳುವ ಪದ. ನಾಖೆಸ್ಸನ್ನು 'ಪಡೆಯುವುದಿಲ್ಲ', ಮೊಗೆಯುತ್ತಾರೆ. ಹಾಗೆ ಮೊಗೆಯುತ್ತ ಮುಖ ಅರಳುವುದು 'ಕ್ವೆಲ್ನ್', ನಮ್ಮ 'ಹಿಗ್ಗುವುದು'.

'ಫ್ಯಾನ್ಸಿ-ಶ್ಮ್ಯಾನ್ಸಿ' ಥರದ ಮಾತು ನಮ್ಮ 'ಪುಸ್ತಕ ಗಿಸ್ತಕ' ಇದ್ದ ಹಾಗೆಯೆ?

ಕಟ್ಟುವ ರೀತಿ ಒಂದೇ, ಕೆಲಸ ಬೇರೆ. ನಾವು ಎರಡನೆಯ ಪದದ ಮೊದಲಿಗೆ 'ಗಿ' ಹಾಕುತ್ತೇವೆ, ಅವರು 'ಶ್ಮ್' ಹಾಕುತ್ತಾರೆ: 'ಗೆಲ್ತ್-ಶ್ಮೆಲ್ತ್' (ಗೆಲ್ತ್ ಎಂದರೆ ಹಣ). ನಮ್ಮ 'ಊಟ ಗೀಟ' ಮುಖ್ಯವಾಗಿ 'ಊಟ ಮುಂತಾದ್ದು' ಎಂಬ ಅರ್ಥದ್ದು. ಅವರ 'ಶ್ಮ್' ತಳ್ಳಿಹಾಕಲು ಮಾತ್ರ: ಹಣವಂತೆ, ಯಾರಿಗೆ ಬೇಕು! 'ಪ್ರೀತಿ ಗೀತಿ ಅಂತ ತಿರುಗಬೇಡ' ಎಂದು ಗದರುವಾಗ ನಮ್ಮದೂ ಆ ಅರ್ಥಕ್ಕೆ ಹತ್ತಿರ ಬರುತ್ತದೆ. 'ಕಾಫಿ ಗೀಫಿ ಆಯ್ತಾ?' ಎಂದು ಉಪಚರಿಸುವ ಕಡೆ ಮಾತ್ರ 'ಶ್ಮ್' ಹಾಕಲೇಬೇಡಿ, ಅತಿಥಿಗೆ ಅವಮಾನ ಮಾಡಿದಂತಾಗುತ್ತದೆ.

ಯಿಡ್ಡಿಷ್ ಶಾಪಗಳು ಅಷ್ಟು ಪ್ರಸಿದ್ಧವಾದದ್ದು ಯಾಕೆ?

ಕಟ್ಟುವ ಚಾತುರ್ಯಕ್ಕೆ. ಕೀಲಿ 'ಜ಼ೋಲ್' ಎಂಬ ಪದ. ನಮ್ಮ 'ಆಗಲಿ, ಬರಲಿ, ಬೆಳೆಯಲಿ'ಗಳ 'ಲಿ' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹರಕೆಗೂ ಅದೇ, ಶಾಪಕ್ಕೂ ಅದೇ. ಕೇಳುವವನಿಗೆ ವಾಕ್ಯ ಮುಗಿಯುವವರೆಗೆ ಯಾವುದೆಂದು ಗೊತ್ತಾಗಬಾರದು, ಅದೇ ಸೊಗಸು.

'ನೂರು ಮನೆ ಅವನಿಗಿರಲಿ, ಪ್ರತಿ ಮನೆಯಲ್ಲಿ ನೂರು ಕೋಣೆ, ಪ್ರತಿ ಕೋಣೆಯಲ್ಲಿ ಇಪ್ಪತ್ತು ಮಂಚ' ಎಂಬಲ್ಲಿಗೆ ಕೇಳುವವನು ಸಂಪತ್ತಿನ ಹರಕೆ ಎಂದೇ ತಿಳಿದಿರುತ್ತಾನೆ. ಆಮೇಲೆ ಬರುತ್ತದೆ: 'ಚಳಿಜ್ವರ ಅವನನ್ನು ಮಂಚದಿಂದ ಮಂಚಕ್ಕೆ ಎಸೆಯಲಿ'. ಹಲ್ಲಿನ ಶಾಪವೂ ಅಷ್ಟೆ: ಹಲ್ಲೆಲ್ಲ ಉದುರಲಿ, ಒಂದು ಮಾತ್ರ ಉಳಿಯಲಿ, ಹಲ್ಲುನೋವಿಗೆ. ಚಿಕ್ಕದು ಬೇಕಾದರೆ 'ಜ಼ೋಲ್ಸ್ತ್ ವಾಕ್ಸ್ನ್ ವಿ ಅ ತ್ಸಿಬೆಲೆ, ಮಿತ್ನ್ ಕೋಪ್ ಇನ್ ದ್ರೆರ್ದ್': ಈರುಳ್ಳಿಯ ಹಾಗೆ ಬೆಳೆ, ತಲೆ ಮಣ್ಣಿನೊಳಗೆ. ಬಹುಪಾಲು ಇವು ಬಾಯಿಮಾತಿನ ಕಲೆ. 'ಅ ಖಾಲೆರ್ಯೆ ಆಫ್ ದಿರ್' (ನಿನಗೆ ಕಾಲರಾ ಬರಲಿ) ಮಾತ್ರ ನಿಜವಾದ ಸಿಟ್ಟಿನದು, ತಮಾಷೆಗೆ ಬಳಸಬೇಡಿ.

ನಿತ್ಯ ಬರುವ ನುಡಿಗಟ್ಟು, ಗಾದೆ ಕೆಲವು ಹೇಳಿ.

'ಹಾಕ್ ಮಿರ್ ನಿಶ್ತ್ ಕೇನ್ ಚಾಯ್ನಿಕ್': ಪದಶಃ 'ನನಗೆ ಟೀ ಕೆಟಲ್ ಬಡಿಯಬೇಡ', ಅರ್ಥ 'ತಲೆ ತಿನ್ನಬೇಡ'.

'ಜ಼ಿತ್ಸ್ನ್ ಆಫ್ ಶ್ಪಿಲ್ಕೆಸ್': ಗುಂಡುಸೂಜಿಗಳ ಮೇಲೆ ಕೂತಿರುವುದು, ಮುಳ್ಳಿನ ಮೇಲೆ ಕೂತಂತಿರುವುದು.

'ಅ ಮೆಂತ್ಶ್ ತ್ರಾಖ್ತ್ ಉನ್ ಗೋತ್ ಲಾಖ್ತ್': ಮನುಷ್ಯ ಯೋಚಿಸುತ್ತಾನೆ, ದೇವರು ನಗುತ್ತಾನೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. 'ತ್ರಾಖ್ತ್-ಲಾಖ್ತ್' ಪ್ರಾಸ ಗಾದೆಯ ಜೀವ, ಆದ್ದರಿಂದ ಖ ಸರಿಯಾಗಿ ಬರಲೇಬೇಕು.

'ಅ ಪಾಚ್ ಫಾರ್ಗೇತ್, ಅ ವೋರ್ತ್ ಬಾಶ್ತೇತ್': ಹೊಡೆತ ಮಾಯುತ್ತದೆ, ಮಾತು ಉಳಿಯುತ್ತದೆ.

'ಒಂದೇ ಕುಂಡೆಯಲ್ಲಿ ಎರಡು ಮದುವೆಗೆ ಕುಣಿಯಲಾಗದು' ಎಂಬ ಗಾದೆಯೂ ತುಂಬ ಬಳಕೆಯದು. ಅದರಲ್ಲಿ ಬರುವ 'ತೋಖೆಸ್' ಸ್ವಲ್ಪ ಸಲಿಗೆಯ ಪದ, ಹಿರಿಯರ ಮುಂದೆ ಬೇಡ.

ತಿಂಡಿ-ಅಡುಗೆಯ ಪದಗಳು? ಸಸ್ಯಾಹಾರಿಗಳು 'ಪಾರೆವೆ' ಎಂದಿದ್ದರೆ ನಂಬಬಹುದೆ?

ಮೊದಲು ಎರಡನೆಯದಕ್ಕೆ ಉತ್ತರ: ನಂಬಬೇಡಿ. ಪಾರೆವೆ ಎಂದರೆ ಮಾಂಸವೂ ಇಲ್ಲ, ಹಾಲಿನ ಪದಾರ್ಥವೂ ಇಲ್ಲ ಎಂದು ಮಾತ್ರ. ಯಹೂದಿ ಆಹಾರನಿಯಮದಲ್ಲಿ ಮೀನು, ಮೊಟ್ಟೆ ಎರಡೂ ಪಾರೆವೆ. ಮೀನಿನಿಂದ ತೆಗೆದ ಜೆಲಾಟಿನ್ ಕೂಡ ಇರಬಹುದು. 'ಫ್ಲೇಶಿಕ್' ಅಂದರೆ ಮಾಂಸದ್ದು, 'ಮಿಲ್ಖಿಕ್' ಅಂದರೆ ಹಾಲಿನದು. ಅಮೆರಿಕದ ಪೊಟ್ಟಣಗಳ ಮೇಲೆ ವೃತ್ತದೊಳಗೆ 'ಯು' ಅಕ್ಷರ, ಪಕ್ಕದಲ್ಲಿ 'ಡಿ' ಇದ್ದರೆ ಹಾಲಿನ ಅಂಶವಿದೆ ಅಥವಾ ಹಾಲಿನ ಯಂತ್ರದಲ್ಲಿ ತಯಾರಾಗಿದೆ ಎಂದರ್ಥ, ಮಾಂಸವಂತೂ ಇರದು. ಆದರೂ ಮೊಟ್ಟೆ, ಮೀನಿಗಾಗಿ ಪದಾರ್ಥಗಳ ಪಟ್ಟಿ ಓದಲೇಬೇಕು. ಹಾಲು ಒಗ್ಗದವರಿಗೆ ಮಾತ್ರ ಪಾರೆವೆ ಗುರುತು ನಿಜಕ್ಕೂ ಉಪಯೋಗದ್ದು.

'ಬೇಗ್ಲ್' ಮೊದಲು ಕುದಿಯುವ ನೀರಿನಲ್ಲಿ ಒಂದು ನಿಮಿಷದೊಳಗೆ ಅದ್ದಿ ತೆಗೆದು, ಆಮೇಲೆ ಒಲೆಯಲ್ಲಿ ಸುಡುವ ಬ್ರೆಡ್ಡು. ಕುದಿಸಿದಾಗ ಹೊರಮೈಯ ಪಿಷ್ಟ ಗಟ್ಟಿಯಾಗಿ ಹಿಟ್ಟು ಹೆಚ್ಚು ಉಬ್ಬುವುದಿಲ್ಲ, ಹೊಳಪೂ ಅಗಿಯುವ ಗುಣವೂ ಬರುವುದು ಅದರಿಂದಲೇ. ಕುದಿಸದೆ ಸುಟ್ಟದ್ದು ತೂತಿರುವ ಬನ್ನು ಅಷ್ಟೆ. 1610ರ ಕ್ರಾಕೋ ನಗರದ ಯಹೂದಿ ಸಮುದಾಯದ ಕಟ್ಟಳೆಗಳಲ್ಲಿ ಬಾಣಂತಿಗೆ ಕೊಡುವ ಉಡುಗೊರೆಯಾಗಿ ಇದರ ಹೆಸರು ಬರುತ್ತದೆ.

'ಚೋಲ್ನ್ತ್' ಹುರುಳಿಜಾತಿಯ ಕಾಳು, ಬಾರ್ಲಿ, ಆಲೂಗಡ್ಡೆ, ಈರುಳ್ಳಿ, ಮಾಂಸ ಸೇರಿದ ಗಟ್ಟಿ ಸಾರು. ಸಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಸಣ್ಣ ಉರಿಯ ಮೇಲಿಟ್ಟು ಶನಿವಾರ ಮಧ್ಯಾಹ್ನ ಬಡಿಸುತ್ತಾರೆ. ನಡುವೆ ಸೌಟು ಆಡಿಸುವಂತಿಲ್ಲವಾದ್ದರಿಂದ ನೀರು ಮೊದಲೇ ಧಾರಾಳ ಇರಬೇಕು, ಇಲ್ಲದಿದ್ದರೆ ತಳ ಹತ್ತುತ್ತದೆ. 'ಶ್ಮಾಲ್ತ್ಸ್' ಕೋಳಿ ಅಥವಾ ಬಾತುವಿನ ಕರಗಿಸಿದ ಕೊಬ್ಬು. ಅಳಿಸಲೆಂದೇ ಮಾಡಿದ ಸಿನಿಮಾ, ಹಾಡಿಗೆ ಇಂಗ್ಲಿಷಿನಲ್ಲಿ ಈ ಪದ ಬಂದದ್ದು ಆ ಜಿಡ್ಡಿನಿಂದ.

ಯಾವ ಪದಗಳನ್ನು ಬಳಸಲೇಬಾರದು?

'ಶ್ಮೋಕ್', 'ಪೊತ್ಸ್' ಎರಡೂ ಗಂಡಸಿನ ಜನನಾಂಗದ ಹೊಲಸು ಹೆಸರುಗಳು. ಇಂಗ್ಲಿಷಿನ 'ಶ್ಮಕ್' ಹಗುರವಾಗಿ ಟಿವಿಯಲ್ಲೂ ಬರುತ್ತದೆ, ಯಿಡ್ಡಿಷ್ ಮನೆಯಲ್ಲಿ ಅದು ಹಗುರವಲ್ಲ. ಜರ್ಮನ್ ಭಾಷೆಯಲ್ಲಿ ಇದೇ ಸದ್ದಿನ ಪದಕ್ಕೆ ಆಭರಣ ಎಂಬ ಅರ್ಥ, ಗೊಂದಲ ಬೇಡ.

ಯಹೂದಿಯಲ್ಲದ ಹೆಣ್ಣಿಗೆ ಹೇಳುವ 'ಶಿಕ್ಸೆ' ಹೀಬ್ರೂವಿನ 'ಅಸಹ್ಯವಾದದ್ದು' ಎಂಬ ಪದದಿಂದ ಬಂದದ್ದು. ತಮಾಷೆಗೂ ಬೇಡ. 'ಶ್ವಾರ್ತ್ಸೆರ್' ಪದಶಃ ಕಪ್ಪು, ಆದರೆ ಅಮೆರಿಕದಲ್ಲಿ ಕಪ್ಪು ಜನರಿಗೆ ಹೇಳುವ ನಿಂದೆಯಾಗಿದೆ. 'ಗೋಯ್' (ಯಹೂದಿಯಲ್ಲದವನು) ಹೇಳುವ ಬಾಯಿ, ಸಂದರ್ಭ ನೋಡಿಕೊಂಡು ಸರಳವೂ ಹೌದು, ತುಚ್ಛವೂ ಹೌದು. ಇನ್ನು 'ಯಿದ್': ಯಿಡ್ಡಿಷ್‌ನಲ್ಲಿ ಯಹೂದಿ ಎಂಬುದಕ್ಕೆ ಅದೇ ಸಹಜ ಪದ. ಅಪರಿಚಿತರನ್ನು 'ರೆಬ್ ಯಿದ್' ಎಂದು ಗೌರವದಿಂದಲೇ ಕರೆಯುತ್ತಾರೆ. ಇಂಗ್ಲಿಷ್ ವಾಕ್ಯದೊಳಗೆ ಹೊರಗಿನವರು ಅದನ್ನೇ ಹೇಳಿದರೆ ಬೈಗುಳ.

ಭಾರತದ ಯಹೂದಿಗಳೂ ಯಿಡ್ಡಿಷ್ ಆಡುತ್ತಾರೆಯೆ?

ಇಲ್ಲ. ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯದ ಮಾತು ಮರಾಠಿ, ಕೊಚ್ಚಿಯವರದು ಮಲಯಾಳಂ, ಮುಂಬೈ-ಕೋಲ್ಕತ್ತದ ಬಾಗ್ದಾದಿಗಳು ಅರಬ್ಬಿಯಿಂದ ಇಂಗ್ಲಿಷಿಗೆ ಬಂದವರು. ಯಿಡ್ಡಿಷ್ ಮಧ್ಯ ಮತ್ತು ಪೂರ್ವ ಯುರೋಪಿನ ಅಶ್ಕೆನಾಜ಼ಿ ಯಹೂದಿಗಳದು.

ಯಿಡ್ಡಿಷ್ ಸತ್ತ ಭಾಷೆಯಲ್ಲವೆ?

ಅಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆಡುವವರು ಒಂದು ಕೋಟಿಗೂ ಹೆಚ್ಚಿದ್ದರು. ನಾಜ಼ಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನರ ಮಾತು ಇದೇ. ಸೋವಿಯತ್ ದಮನ, ಇಸ್ರೇಲಿನಲ್ಲಿ ಹೀಬ್ರೂವಿಗೆ ಕೊಟ್ಟ ಆದ್ಯತೆ, ಅಮೆರಿಕದಲ್ಲಿ ಇಂಗ್ಲಿಷ್ ಇವೂ ಸೇರಿಕೊಂಡವು. ಇಷ್ಟಾದರೂ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್, ನ್ಯೂಯಾರ್ಕ್ ರಾಜ್ಯದ ಕಿರ್ಯಾಸ್ ಜೋಯೆಲ್, ಲಂಡನ್ನಿನ ಸ್ಟ್ಯಾಮ್‌ಫರ್ಡ್ ಹಿಲ್, ಆಂಟ್ವೆರ್ಪ್, ಜೆರುಸಲೇಮಿನ ಮೇಯಾ ಶೆಯಾರಿಮ್ ಕಡೆಗಳ ಹಸಿದಿಕ್ (ಕಟ್ಟಾ ಸಂಪ್ರದಾಯದ ಯಹೂದಿ ಪಂಥ) ಮನೆಗಳಲ್ಲಿ ಮಕ್ಕಳು ಮೊದಲು ಕಲಿಯುವ ಮಾತು ಇಂದಿಗೂ ಯಿಡ್ಡಿಷ್. ಸ್ವೀಡನ್ ಇದನ್ನು ಅಧಿಕೃತ ಅಲ್ಪಸಂಖ್ಯಾತ ಭಾಷೆಯೆಂದು ಮಾನ್ಯ ಮಾಡಿದೆ. 1978ರಲ್ಲಿ ಕತೆಗಾರ ಐಸಾಕ್ ಬಾಶೆವಿಸ್ ಸಿಂಗರ್ ಅವರಿಗೆ ಸಾಹಿತ್ಯದ ನೊಬೆಲ್ ಬಂದದ್ದು ಯಿಡ್ಡಿಷ್ ಬರವಣಿಗೆಗೆ.

ಕಲಿಯಬೇಕೆಂದರೆ ಎಲ್ಲಿಂದ ಶುರು ಮಾಡುವುದು? ಜರ್ಮನ್ ಬಂದರೆ ಸಾಕೆ?

ಬೆಂಗಳೂರಿನಲ್ಲಿ ಜರ್ಮನ್ ಕಲಿತವರು ಹಲವರಿದ್ದಾರೆ. ಅವರಿಗೆ ಪದಗಳು ಬೇಗ ಹಿಡಿಯುತ್ತವೆ, ಆದರೆ ಮೂರು ಅಭ್ಯಾಸ ಬಿಡಬೇಕು. ಜರ್ಮನ್ 'ಇಶ್'ನ ಮೆದು ಧ್ವನಿ ಇಲ್ಲಿಲ್ಲ, 'ಇಖ್' ಗಂಟಲಿನಿಂದಲೇ ಬರಬೇಕು. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದಿಲ್ಲ: 'ಇಖ್ ವೇಯ್ಸ್ ಅಜ಼್ ಎರ್ ಕುಮ್ತ್ ಹಾಯ್ನ್ತ್' (ಅವನು ಇವತ್ತು ಬರುತ್ತಾನೆಂದು ಗೊತ್ತು). ಭೂತಕಾಲಕ್ಕೆ ಒಂದೇ ರೂಪ, ಸಹಾಯಕ ಕ್ರಿಯಾಪದದೊಡನೆ: 'ಇಖ್ ಹೋಬ್ ಗೆಜ಼ೆನ್' (ನಾನು ನೋಡಿದೆ).

ಲಿಪಿಯನ್ನು ಮುಂದೂಡಬೇಡಿ. ಬಲದಿಂದ ಎಡಕ್ಕೆ ಓದುವ ಹೀಬ್ರೂ ಅಕ್ಷರಗಳು, ಆದರೆ ಹೀಬ್ರೂವಿನಂತೆ ಸ್ವರ ಊಹಿಸುವ ಕಷ್ಟ ಹೆಚ್ಚಿಲ್ಲ. ಅಯಿನ್ ಅಕ್ಷರ 'ಎ' ಧ್ವನಿಗೆ, ಆಲೆಫ್ ಕೆಳಗಿನ ಗುರುತಿಗೆ ತಕ್ಕಂತೆ 'ಅ' ಅಥವಾ 'ಒ' ಧ್ವನಿಗೆ. ಹೀಬ್ರೂ ಮೂಲದ ಪದಗಳನ್ನು ಮಾತ್ರ ಹಳೆಯ ಹೀಬ್ರೂ ಕಾಗುಣಿತದಲ್ಲೇ ಬರೆಯುತ್ತಾರೆ, ಅವನ್ನು ಒಂದೊಂದಾಗಿ ನೆನಪಿಡಬೇಕು. 'ಎಮೆಸ್' ಎಂದು ಓದುವ ಪದದಲ್ಲಿ ಬರೆದಿರುವುದು ಆಲೆಫ್, ಮೆಮ್, ಸೋವ್ ಮೂರೇ ಅಕ್ಷರ. ನಿಘಂಟಿನಲ್ಲಿ ಪದ ಸಿಗದೆ ಒದ್ದಾಡುವುದು ಸಾಮಾನ್ಯವಾಗಿ ಇಂಥ ಪದಗಳಲ್ಲೇ.

ಡುವೋಲಿಂಗೊದಲ್ಲಿ 2021ರಿಂದ ಯಿಡ್ಡಿಷ್ ಪಾಠವಿದೆ. ಅಲ್ಲಿನ ಉಚ್ಚಾರಣೆ ಹಸಿದಿಕ್ ಸಮುದಾಯದ್ದು, ಆದ್ದರಿಂದ 'ಗುತ್' ಎಂದು ಕಲಿತವರಿಗೆ 'ಗಿತ್' ಕೇಳಿಸುತ್ತದೆ. ಒಂದು ಉಚ್ಚಾರಣೆ ಹಿಡಿದು ಆರು ತಿಂಗಳು ಅದರಲ್ಲೇ ಇರಿ, ಎರಡನ್ನೂ ಬೆರೆಸಬೇಡಿ. ಓದಲು ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿರುವ ಯಿಡ್ಡಿಷ್ ಬುಕ್ ಸೆಂಟರ್ ಸಾವಿರಾರು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದೆ. ಮಕ್ಕಳ ಕತೆಗಳಿಂದ ಶುರು ಮಾಡಿ. ಅವುಗಳಲ್ಲಿ ಹೀಬ್ರೂ ಮೂಲದ ಪದ ಕಡಿಮೆ, ವಾಕ್ಯ ಚಿಕ್ಕದು.